ಫರ್ಗಲಿಯ ಬುಟ್ಟಿಯನ್ನು ಮೆಚ್ಚಿದ ಒಬ್ಬನೇ ಮನುಷ್ಯ

ಫರ್ಗಲಿ ನಮ್ಮನ್ನು ಹದಿನೆಂಟು ವರ್ಷ ನಗಿಸಿದವನು. ರಮದಾನ್ ತಿಂಗಳಲ್ಲಿ ಉಪವಾಸ ಬಿಟ್ಟು ಮೊದಲ ಖರ್ಜೂರ ಬಾಯಿಗೆ ಹೋಗುವ ಹೊತ್ತಿಗೆ ಸರಿಯಾಗಿ ಟಿವಿಯಲ್ಲಿ ಅವನ ಮುಖ ಮೂಡುತ್ತಿತ್ತು. ಅವನ ಎಡಹುಬ್ಬು ಮೇಲೇರಿದರೆ ಸಾಕು, ಈಜಿಪ್ಟಿನ ನಮ್ಮ ತಂತಾ ಊರಿನ ಅರ್ಧ ಜನಕ್ಕೆ ಸಾರು ನೆತ್ತಿಗೆ ಹತ್ತುತ್ತಿತ್ತು. ಅಂಥವನು ಸುಮ್ಮನಿರದೆ ಒಂದು ಸಿನಿಮಾ ಮಾಡಿದ.

ಸಿನಿಮಾದ ಹೆಸರು ‘ಐದನೇ ಮಹಡಿಯ ಬುಟ್ಟಿ’. ಕಥೆ ಅವನದೇ, ನಿರ್ದೇಶನ ಅವನದೇ, ನಾಯಕನೂ ಅವನೇ. ಬಂಡವಾಳ ಹಾಕುವವರು ಯಾರೂ ಸಿಗದ ಕಾರಣ ಇಡೀ ಚಿತ್ರವನ್ನು ಅವನ ಸೋದರತ್ತೆಯ ಬಾಲ್ಕನಿಯಲ್ಲೇ ತೆಗೆದಿದ್ದರು. ಒಬ್ಬ ಮುದುಕ ಬುಟ್ಟಿಗೆ ಹಗ್ಗ ಕಟ್ಟಿ ಬೀದಿಗೆ ಇಳಿಸುತ್ತಾನೆ, ತರಕಾರಿಯವನು ಅದರಲ್ಲಿ ಏನನ್ನೋ ಹಾಕುತ್ತಾನೆ, ಮುದುಕ ಮೇಲೆಳೆದು ನೋಡಿ ಒಂದು ಮಾತಾಡುತ್ತಾನೆ. ಮತ್ತೆ ಇಳಿಸುತ್ತಾನೆ. ಕೆಳಗೆ ಬೀದಿಯಲ್ಲಿ ಓಡಾಡುವವರು ಒಟ್ಟು ನಾಲ್ಕು ಜನ. ಟೋಪಿ ಬದಲಿಸಿಕೊಂಡು ತಿರುತಿರುಗಿ ಬರುತ್ತಾರೆ. ಬೆಕ್ಕಿಗೆ ಟೋಪಿ ಇಲ್ಲದ್ದರಿಂದ ಅದು ಅದೇ ಬೆಕ್ಕು ಎಂದು ಯಾರಿಗಾದರೂ ತಿಳಿಯುತ್ತದೆ.

ಚಿತ್ರಮಂದಿರದ ಬಾಗಿಲಲ್ಲಿ ಟಿವಿಯವರು ಮೈಕು ಹಿಡಿದು ನಿಂತು ಪ್ರೇಕ್ಷಕರ ಅಭಿಪ್ರಾಯ ಕೇಳಿದರು. ನಮ್ಮೂರಿನವರು ಅಭಿಪ್ರಾಯದ ವಿಷಯದಲ್ಲಿ ಎಂದೂ ಕೈ ಬಿಗಿ ಹಿಡಿದವರಲ್ಲ.

“ಬೆಕ್ಕು ಪರವಾಗಿಲ್ಲ. ಉಳಿದವರು ಅದರ ಹತ್ರ ಹೋಗಿ ನಟನೆ ಕಲೀಲಿ,” ಎಂದ ಕ್ಷೌರಿಕ ಶಲಬಿ.

“ಆ ಅತ್ತೆ ಒಣಗಿಹಾಕಿದ ಬಟ್ಟೆ ಕಥೇಲಿ ಮೂರು ದಿನ ಆದ್ರೂ ತೆಗ್ದಿಲ್ಲ! ಅದೂ ಒಂದು ಮನೇನಾ?” ಎಂದಳು ಒಬ್ಬ ಹೆಂಗಸು.

“ಇದಕ್ಕಿಂತ ರೈಲ್ವೆ ಗೇಟ್ ಹಾಕ್ದಾಗ ಜಾಸ್ತಿ ನಕ್ಕಿದೀನಿ ಸ್ವಾಮಿ,” ಎಂದ ಟ್ಯಾಕ್ಸಿಯವನು.

ಲೆಕ್ಕದ ಮೇಷ್ಟ್ರು ರಮ್ಸೀಸ್ ಮಾತ್ರ ಗಂಭೀರವಾಗಿ ಉತ್ತರ ಕೊಟ್ಟರು. “ಬುಟ್ಟಿ ನಲವತ್ತೊಂದು ಸಲ ಇಳೀತು. ನಲವತ್ತೇ ಸಲ ಹತ್ತಿತು. ಮಿಕ್ಕ ಒಂದು ಬುಟ್ಟಿ ಎಲ್ಲಿ? ಇದಕ್ಕೆ ನಿರ್ದೇಶಕರು ಉತ್ತರ ಕೊಡಬೇಕು.”

ಅಲೆಕ್ಸಾಂಡ್ರಿಯಾದಿಂದ ಅಸ್ವಾನಿನವರೆಗೆ ದೇಶ ಎಷ್ಟೋ ವರ್ಷಗಳ ಮೇಲೆ ಹೀಗೆ ಒಂದೇ ಮಾತಿಗೆ ಬಂದಿತ್ತು. ಆ ಒಗ್ಗಟ್ಟನ್ನು ಮುರಿದವನು ನಮ್ಮ ಬಸ್ಯೂನಿ.

ಬಸ್ಯೂನಿ ಜನನ ನೋಂದಣಿ ಕಚೇರಿಯಲ್ಲಿ ಮೊಹರು ಒತ್ತುವ ಗುಮಾಸ್ತ. ಆದರೆ ಅವನ ನಿಜವಾದ ಹುದ್ದೆ ಬೇರೆ. ಪ್ರತಿ ಗುರುವಾರ ಇಳಿಹೊತ್ತಿನ ಅಸರ್ ನಮಾಜು ಮುಗಿದ ಮೇಲೆ ನಮ್ಮ ಮೊಹಲ್ಲಾದ ಮಸೀದಿಯ ಪಕ್ಕದ ಅಂಗಳದಲ್ಲಿ ಶೇಖ್ ಮಿತ್ವಲ್ಲಿ ಸ್ತುತಿಪದ್ಯಗಳನ್ನು ಹಾಡುತ್ತಾರೆ. ಪದ್ಯದ ಸಾಲು ಏರಿ, ತಿರುಗಿ, ತುದಿ ಮುಟ್ಟಿ ನಿಲ್ಲುತ್ತದೆ. ಆ ಮೌನದಲ್ಲಿ ಕೇಳುಗ ಹೊಟ್ಟೆಯಾಳದಿಂದ “ಅಲ್ಲಾಹ್!” ಎನ್ನಬೇಕು. ಕ್ಷಣ ಮುಂಚೆ ಅಂದರೆ ಸಾಲು ಮುರಿಯಿತು, ಕ್ಷಣ ತಡವಾದರೆ ಹಾಡುವವನ ಎದೆ ಮುರಿಯಿತು. ಬಲಗಡೆಯ ಮೊದಲ ಬೆತ್ತದ ಕುರ್ಚಿಯಲ್ಲಿ ಕೂತವನದು ಮೊದಲ “ಅಲ್ಲಾಹ್”. ಅವನ ಹಿಂದೆ ಉಳಿದವರದು. ಆ ಕುರ್ಚಿಯಲ್ಲಿ ಬಸ್ಯೂನಿಯ ತಂದೆ ಕೂತಿದ್ದರು. ಅವರ ನಂತರ ಇಪ್ಪತ್ತೆರಡು ವರ್ಷದಿಂದ ಬಸ್ಯೂನಿ ಕೂತಿದ್ದಾನೆ. ಕಣ್ಣು ಮುಚ್ಚಿ, ಗಲ್ಲವನ್ನು ಎದೆಗೆ ಊರಿ, ಎರಡೂ ಕೈ ಹೊಟ್ಟೆಯ ಮೇಲಿಟ್ಟು ಕೇಳುತ್ತಾನೆ. ಮೂರನೇ ಸಾಲಿನ ಚಾಪೆಯಲ್ಲಿ ಕೂತು ನಾನು ನೋಡಿದ್ದೇನೆ, ಅವನ “ಅಲ್ಲಾಹ್” ಒಂದು ದಿನವೂ ಎಡವಲಿಲ್ಲ.

ಆ ಕುರ್ಚಿಯ ಮೇಲೆ ಹನ್ನೊಂದು ವರ್ಷದಿಂದ ಕಣ್ಣಿಟ್ಟವರು ಹುರಿಗಡಲೆ ಅಂಗಡಿಯ ಹಾಜಿ ದಸೂಕಿ. ಅವರು ಎರಡನೇ ಕುರ್ಚಿ.

ಶನಿವಾರ ಬಸ್ಯೂನಿಯ ಹೆಂಡತಿ ಇನ್ಶಿರಾಗೆ ದವಡೆಹಲ್ಲು ಕೀಳಿಸಬೇಕಾಗಿತ್ತು. ಹಲ್ಲಿನ ಡಾಕ್ಟರು ಚಿತ್ರಮಂದಿರದ ಮೇಲಿನ ಮಹಡಿಯಲ್ಲಿ ಇರುತ್ತಾರೆ. “ನೀನು ಧೈರ್ಯವಾಗಿ ಒಳಗೆ ಹೋಗು. ನಾನು ಹೊರಗೆ ಬೆಂಚಿನ ಮೇಲೆ ಕೂತು ನಿನಗೋಸ್ಕರ ದುವಾ ಮಾಡ್ತಿರ್ತೀನಿ,” ಎಂದು ಬಸ್ಯೂನಿ ಭಾಷೆ ಕೊಟ್ಟ. ಮಾಡಿದ ಕೂಡ, ಕಾಲು ಗಂಟೆ. ಅಷ್ಟರಲ್ಲಿ ಒಳಗಿನಿಂದ ಯಂತ್ರದ ಸದ್ದು ಬಂತು, ಹಿಂದೆಯೇ ಇನ್ಶಿರಾಳ ಸದ್ದೂ ಬಂತು. ಬೆಂಚು ಕಾದ ಬಾಣಲೆಯಾಗಿತ್ತು. ಮೆಟ್ಟಿಲ ಬುಡದಿಂದ ಮಾತ್ರ ತಣ್ಣನೆ ಗಾಳಿ ಬರುತ್ತಿತ್ತು.

ಕೆಳಗೆ ಟಿಕೆಟಿನ ಹಲೀಮ್ ಬಾಗಿಲಲ್ಲೇ ನಿಂತಿದ್ದ. “ಬನ್ನಿ ಬಸ್ಯೂನಿಯಣ್ಣ, ಬಿಟ್ಟಿ ಬನ್ನಿ. ಒಳಗೆ ಐದು ಜನ ಇದಾರೆ. ಆರು ಆಗದಿದ್ರೆ ಆಟ ನಡೆಸ್ಬೇಡ ಅಂದಿದಾರೆ ಯಜಮಾನ್ರು.”

ಒಬ್ಬ ಬಡಪಾಯಿಯ ಕೆಲಸ ಉಳಿಸಿದ ಪುಣ್ಯ ಹೆಂಡತಿಯ ಹಲ್ಲಿಗೂ ಸಲ್ಲಲಿ ಎಂದುಕೊಂಡು ಬಸ್ಯೂನಿ ಒಳಗೆ ಹೋಗಿ ಕೂತ. ಮೊದಲ ಬುಟ್ಟಿ ಇಳಿಯಿತು, ಹತ್ತಿತು. ಎರಡನೆಯದು ಇಳಿಯಿತು. ಅದು ಹತ್ತುವಷ್ಟರಲ್ಲಿ ಬಸ್ಯೂನಿ ನಿದ್ದೆಗಿಳಿದಿದ್ದ.

ಫರ್ಗಲಿ ನಾಟಕದಿಂದ ಬಂದವನು. ಪ್ರತಿ ಮಾತಿನ ನಂತರ ಜನ ನಗಲಿ ಎಂದು ಜಾಗ ಬಿಟ್ಟಿದ್ದ. ಯಾರೂ ನಗದೆ ಆ ಜಾಗವೆಲ್ಲ ಬರಿದಾಗಿ, ದೊಡ್ಡ ದೊಡ್ಡ ಮೌನಗಳಾಗಿ ಉಳಿದಿದ್ದವು. ಅಂಥದೊಂದು ಮೌನ ನಿದ್ದೆಯಲ್ಲಿದ್ದ ಬಸ್ಯೂನಿಯ ಕಿವಿಗೆ ಬಿತ್ತು. ಕಿವಿ ತನ್ನ ಇಪ್ಪತ್ತೆರಡು ವರ್ಷದ ಕೆಲಸ ಮಾಡಿತು.

“ಅಲ್ಲಾಹ್! ಮತ್ತೊಮ್ಮೆ, ಒಡೆಯಾ, ಮತ್ತೊಮ್ಮೆ!”

ತೆರೆಯ ಮೇಲೆ ಫರ್ಗಲಿ ಮತ್ತೊಮ್ಮೆ ಬುಟ್ಟಿ ಇಳಿಸಿದ.

ಹಿಂದಿನ ಸಾಲಿನಲ್ಲಿದ್ದ ಕಾಲೇಜು ಹುಡುಗಿಯರಿಬ್ಬರು ಫೋನು ತೆಗೆದರು. ಮುಂದಿನ ಮೌನಕ್ಕೂ ಬಸ್ಯೂನಿ ಅದನ್ನೇ ಅಂದ. ಕತ್ತಲಲ್ಲಿ ಮುಖ ಕಾಣಲಿಲ್ಲ, ದನಿ ಮಾತ್ರ ಗಂಟೆ ಹೊಡೆದಂತೆ ಸಿಕ್ಕಿತು. ಮೂವತ್ತೇಳು ಸೆಕೆಂಡಿನ ಆ ತುಣುಕನ್ನು ಅಂತರ್ಜಾಲಕ್ಕೆ ಏರಿಸಿ ಅವರು ಕೊಟ್ಟ ಹೆಸರು: ‘ಇಡೀ ಈಜಿಪ್ಟಿನಲ್ಲಿ ಮೆಚ್ಚಿದವನು ಒಬ್ಬನೇ’.

ಭಾನುವಾರ ಬೆಳಿಗ್ಗೆ ಬಸ್ಯೂನಿ ಬೇಯಿಸಿದ ಅವರೆಬೇಳೆಯ ಗಾಡಿಯ ಹತ್ತಿರ ಬಟ್ಟಲು ಹಿಡಿದು ನಿಂತಾಗ ಗಾಡಿಯವನು ಸೌಟು ಎತ್ತಿ, ಬೇಳೆ ಸುರಿದು, ಎಣ್ಣೆ ಹಾಕಿ, ಸುಮ್ಮನೆ ಕಾದ. ಸುತ್ತ ನಿಂತವರೂ ಕಾದರು.

“ಏನಪ್ಪ?” ಎಂದ ಬಸ್ಯೂನಿ.

“ಇಲ್ಲ, ನಮಗೂ ಒಂದು ‘ಮತ್ತೊಮ್ಮೆ’ ಸಿಗುತ್ತೇನೋ ಅಂತ,” ಎಂದ ಗಾಡಿಯವನು.

ಆಗ ಶಲಬಿ ಫೋನು ಕಿವಿಗೆ ಹಿಡಿದು ಕೇಳಿಸಿದ. ಬಸ್ಯೂನಿಗೆ ಕೈಯಲ್ಲಿದ್ದ ಬಟ್ಟಲಿನ ಭಾರ ತಿಳಿಯದಾಯಿತು. ಅಂಗಡಿಯ ಮೆಟ್ಟಿಲಿನಿಂದ ಹಾಜಿ ದಸೂಕಿ ನಿಧಾನವಾಗಿ ಇಳಿದು ಬಂದರು. ಅವರು ಎಂದೂ ಅಷ್ಟು ಸಂತೋಷದಿಂದ ಇಳಿದದ್ದಿಲ್ಲ.

“ಅಲ್ಲಯ್ಯ ಬಸ್ಯೂನಿ, ಶೇಖ್ ಮಿತ್ವಲ್ಲಿ ಹಾಡಿಗೂ ಅದೇ ‘ಅಲ್ಲಾಹ್’, ಫರ್ಗಲಿ ಬದನೇಕಾಯಿ ಮೇಲೆಳೆದಿದ್ದಕ್ಕೂ ಅದೇ ‘ಅಲ್ಲಾಹ್’! ನನ್ನ ಅಂಗಡೀಲಿ ತೂಕದ ಬಟ್ಟು ಸವೆದ್ರೆ ಸರ್ಕಾರದವರು ಬಂದು ಎತ್ಕೊಂಡು ಹೋಗ್ತಾರೆ. ಕಿವಿ ಸವೆದ್ರೆ ಕುರ್ಚಿ ಬಿಡ್ಬೇಕೋ ಬೇಡ್ವೋ? ನೀನೇ ಹೇಳು.”

‘ನಾನು ನಿದ್ದೆ ಮಾಡ್ತಿದ್ದೆ ಹಾಜಿ’ ಎನ್ನಲು ಬಸ್ಯೂನಿ ಬಾಯಿ ತೆರೆದ. ತೆರೆದ ಬಾಯಿ ತೆರೆದೇ ಉಳಿಯಿತು. ಏಕೆಂದರೆ ಮುಂದಿನ ಪ್ರಶ್ನೆ ಅವನಿಗೆ ಆಗಲೇ ಕೇಳಿಸಿತ್ತು. ನಿದ್ದೆಯಲ್ಲಿ ಇಷ್ಟು ಸರಿಯಾಗಿ ‘ಅಲ್ಲಾಹ್’ ಅನ್ನುವವನು, ಗುರುವಾರಗಳಲ್ಲಿ ಕಣ್ಣು ಮುಚ್ಚಿ ಕೂತು ಅಂದದ್ದೆಲ್ಲ ಏನು?

ಸಿನಿಮಾ ಮೆಚ್ಚಿದೆ ಎಂದರೆ ಕಿವಿ ಹೋಯಿತು. ನಿದ್ದೆ ಮಾಡಿದೆ ಎಂದರೆ ಇಪ್ಪತ್ತೆರಡು ವರ್ಷವೇ ಹೋಯಿತು. ಎರಡು ದಾರಿಯೂ ಹೋಗಿ ಸೇರುವುದು ದಸೂಕಿಯವರ ಬೆನ್ನು ತನ್ನ ತಂದೆಯ ಕುರ್ಚಿಗೆ ಒರಗುವಲ್ಲಿಗೆ. ಬಸ್ಯೂನಿ ಬಾಯಿ ಮುಚ್ಚಿ, ಬಟ್ಟಲನ್ನು ಅಲ್ಲೇ ಬಿಟ್ಟು ಮನೆಗೆ ಹೋದ.

ಮನೆಯಲ್ಲಿ ಇನ್ಶಿರಾ ಬಾಯಿಗೆ ಹತ್ತಿ ತುರುಕಿಕೊಂಡು ಕೂತಿದ್ದಳು. ಪಕ್ಕದ ಮನೆಯವಳು ಬೆಳಿಗ್ಗೆಯೇ ಬಂದು ಆ ತುಣುಕನ್ನು ನಾಲ್ಕು ಸಲ ಕೇಳಿಸಿ ಹೋಗಿದ್ದಳು. ಸಂಜೆಯವರೆಗೆ ಪಾತ್ರೆಗಳು ಇನ್ಶಿರಾಳ ಪರವಾಗಿ ಮಾತಾಡಿದವು. ಸಂಜೆ ಹತ್ತಿ ತೆಗೆದು, ಎಂದಿನಂತೆ ಮಗನ ಹೆಸರು ಹಿಡಿದು ಗಂಡನನ್ನು ಕರೆದಳು.

“ವಗ್ದಿ ಅಪ್ಪಾ, ನಾನು ಮೇಲೆ ಪ್ರಾಣ ಬಿಡ್ತಿದ್ದೆ. ನೀವು ಕೆಳಗೆ ಕೂತು ಮತ್ತೊಮ್ಮೆ ಮತ್ತೊಮ್ಮೆ ಅಂತಿದ್ರಾ?”

“ನಿದ್ದೆ ಬಂದ್ಬಿಟ್ಟಿತ್ತು ಕಣೆ. ಆಣೆ ಮಾಡಿ ಹೇಳ್ತೀನಿ. ನಿದ್ದೇಲಿ ಅಂದಿದ್ದು.”

“ಹಾಗಾದ್ರೆ ಹೊರಗೆ ಹೋಗಿ ಹಾಗೇ ಹೇಳಿ. ನಾನೂ ಕ್ಷಮಿಸ್ತೀನಿ, ಊರೂ ಕ್ಷಮಿಸುತ್ತೆ.”

“ಹೇಳಿದ್ರೆ ಗುರುವಾರದ ಬಗ್ಗೆ ಕೇಳ್ತಾರೆ.”

“ಗುರುವಾರ ಏನು?” ಇನ್ಶಿರಾ ಅವನ ಮುಖ ನೋಡಿದಳು. ಕೆನ್ನೆಯ ಮೇಲೆ ಇಟ್ಟ ಕೈ ಕೆಳಗಿಳಿಯಿತು. “ಅಯ್ಯೋ. ಅಲ್ಲೂ ನಿದ್ದೇನಾ?”

“ಗೊತ್ತಿಲ್ಲ.”

“ಗೊತ್ತಿಲ್ಲ ಅಂದ್ರೆ ಏನ್ರೀ?”

“ನಿದ್ದೆ ಮಾಡ್ತಿರೋನಿಗೆ ತಾನು ನಿದ್ದೆ ಮಾಡ್ತಿದೀನಿ ಅಂತ ಹೇಗೆ ಗೊತ್ತಾಗ್ಬೇಕು? ಯಾರನ್ನ ಕೇಳ್ಲಿ?”

ಇನ್ಶಿರಾ ಹತ್ತಿಯನ್ನು ಮತ್ತೆ ಬಾಯಿಗೆ ಇಟ್ಟುಕೊಂಡಳು.

ಕಚೇರಿಯಲ್ಲಿ ಇನ್ನೂ ಕಷ್ಟ. ಬಸ್ಯೂನಿ ಒಂದು ಮೊಹರು ಒತ್ತಿದರೆ ಸಾಲಿನಲ್ಲಿ ನಿಂತವರೆಲ್ಲ ಒಟ್ಟಿಗೆ “ಅಲ್ಲಾಹ್!” ಎನ್ನುತ್ತಿದ್ದರು. ಒಬ್ಬ ತಂದೆಯಂತೂ “ಮತ್ತೊಮ್ಮೆ, ಒಡೆಯಾ!” ಎಂದಾಗ ಬಸ್ಯೂನಿಯ ಕೈ ತಾನಾಗಿ ಎರಡನೇ ಮೊಹರು ಒತ್ತಿಬಿಟ್ಟಿತು, ಆ ಮಗು ಸರ್ಕಾರಿ ದಾಖಲೆಯಲ್ಲಿ ಎರಡು ಸಲ ಹುಟ್ಟಿತು. ಮೇಲಧಿಕಾರಿ ಇಫ್ಫತ್ ಮೇಡಂ ಒಳಗೆ ಕರೆದರು.

“ನೋಡಿ ಬಸ್ಯೂನಿ, ನೌಕರನಿಗೆ ಅಭಿಪ್ರಾಯ ಇರಬಾರದು ಅಂತ ನಾನು ಹೇಳಲ್ಲ. ಆದ್ರೆ ಇಡೀ ದೇಶಕ್ಕೆ ವಿರುದ್ಧವಾದ ಅಭಿಪ್ರಾಯ ಇಟ್ಕೊಳ್ಳೋ ಮುಂಚೆ ಒಂದು ಅರ್ಜಿ ಕೊಡ್ಬಹುದಿತ್ತಲ್ಲ?”

“ನಂದು ಅಭಿಪ್ರಾಯ ಅಲ್ಲ ಮೇಡಂ.”

“ಮತ್ತೇನು?”

ಬಸ್ಯೂನಿ ಎರಡು ಸಲ ಹುಟ್ಟಿದ ಮಗುವಿನ ಒಂದು ಹುಟ್ಟನ್ನು ರದ್ದು ಮಾಡುವ ಅರ್ಜಿ ಮೇಜಿನ ಮೇಲಿಟ್ಟು ಹೊರಗೆ ಬಂದ.

ಮಂಗಳವಾರ ಸಂಜೆ ಫರ್ಗಲಿ ಟಿವಿಗೆ ಬಂದ. ಕಾಫಿ ಅಂಗಡಿಯಲ್ಲಿ ಪಗಡೆಯ ದಾಳಗಳು ನಿಂತವು. ಹದಿನೆಂಟು ವರ್ಷ ಮೇಲೆ ಕೆಳಗೆ ಕುಣಿದ ಆ ಎಡಹುಬ್ಬು ಕಣ್ಣಿನ ಮೇಲೆ ಒದ್ದೆ ಬಟ್ಟೆಯಂತೆ ಬಿದ್ದಿತ್ತು.

“ಚಿತ್ರ ಬಂದು ಹನ್ನೆರಡು ದಿನ ಆಯ್ತು. ಹನ್ನೆರಡು ರಾತ್ರಿ ಕಣ್ಣು ಮುಚ್ಚಿಲ್ಲಮ್ಮ,” ಎಂದು ಅವನು ನಿರೂಪಕಿಗೆ ಹೇಳಿದ. “ಎಲ್ಲರ ಅಭಿಪ್ರಾಯನೂ ಕೇಳ್ದೆ. ಬೆಕ್ಕು ಚೆನ್ನಾಗಿದೆ ಅಂದ್ರು. ಸಂತೋಷ, ಅದು ನಮ್ಮತ್ತೆ ಬೆಕ್ಕು. ಆದ್ರೆ ತಂತಾದಲ್ಲಿ ಒಬ್ಬರು ಇದಾರೆ. ನಾನು ಎಲ್ಲಿ ನಿಲ್ಲಿಸಿದ್ನೋ ಸರಿಯಾಗಿ ಅಲ್ಲಿ, ಕೂದಲೆಳೆ ಆಚೀಚೆ ಆಗದ ಹಾಗೆ, ‘ಅಲ್ಲಾಹ್’ ಅಂದಿದಾರೆ. ಮೂರು ದಿನದಿಂದ ಅದನ್ನೇ ಹಾಕ್ಕೊಂಡು ಕೇಳ್ತಿದೀನಿ. ಗುರುವಾರ ಅವರು ಹಾಡು ಕೇಳೋ ಅಂಗಳಕ್ಕೇ ಹೋಗ್ತೀನಿ. ಏನು ಹಿಡಿಸ್ತು ಅಂತ ಅವರ ಬಾಯಿಂದ ಕೇಳ್ತೀನಿ. ಆಮೇಲೆ ಇನ್ನೊಂದು ಸಿನಿಮಾ ಮಾಡ್ಬೇಕೋ, ಅದೇ ಬಾಲ್ಕನೀಲಿ ಕೂತು ಈರುಳ್ಳಿ ಸುಲೀಬೇಕೋ, ತೀರ್ಮಾನ ಆಗುತ್ತೆ.”

ಕಾಫಿ ಅಂಗಡಿಯಲ್ಲಿ ಎಲ್ಲರೂ ತಿರುಗಿ ನೋಡಿದರು. ಬಸ್ಯೂನಿಯ ಕುರ್ಚಿ ಖಾಲಿಯಾಗಿತ್ತು; ಅವನ ಚಹದ ಲೋಟ ಇನ್ನೂ ಅಲುಗಾಡುತ್ತಿತ್ತು.

ಬುಧವಾರ ಅವನು ಒಂದು ಸಾಹಸ ಮಾಡಿದ. ಚಿತ್ರವನ್ನು ಪೂರ್ತಿ ನೋಡಿ, ಅದರಲ್ಲಿ ಸುಳ್ಳಿಲ್ಲದೆ ಹೊಗಳಬಹುದಾದ ಒಂದಾದರೂ ವಸ್ತು ಹುಡುಕಿಕೊಂಡು ಬರೋಣ ಎಂದು ಚಿತ್ರಮಂದಿರಕ್ಕೆ ಓಡಿದ. ಅಲ್ಲಿ ಆಗಲೇ ಕಾರುಗಳು ಹಾರುವ ಬೇರೊಂದು ಚಿತ್ರದ ಹಲಗೆ ಏರಿತ್ತು.

“ತೆಗೆದ್ಬಿಟ್ರಾ?” ಎಂದ ಬಸ್ಯೂನಿ, ಅಳುವ ದನಿಯಲ್ಲಿ.

“ನಿಮ್ಮೊಬ್ಬರಿಗೋಸ್ಕರ ಇಟ್ಕೊಳ್ಳೋಕಾಗುತ್ತಾ ಅಣ್ಣ?” ಎಂದ ಹಲೀಮ್. “ಅಷ್ಟು ಹಚ್ಕೊಂಡಿದೀರಾ ಅದನ್ನ?”

ಈ ಮಾತೂ ಮಧ್ಯಾಹ್ನದೊಳಗೆ ದಸೂಕಿಯವರ ಅಂಗಡಿ ತಲುಪಿತು. ಬಸ್ಯೂನಿ ಕೊನೆಗೆ ರಮ್ಸೀಸ್ ಮೇಷ್ಟ್ರ ಮನೆಗೆ ಹೋಗಿ ಕಥೆ ಹೇಳಿ ಎಂದು ಬೇಡಿಕೊಂಡ. ಮೇಷ್ಟ್ರು ಕನ್ನಡಕ ಒರೆಸಿಕೊಂಡು ಹೇಳಿದರು: “ಇಳೀತು, ಹತ್ತಿತು. ಇಳೀತು, ಹತ್ತಿತು. ಹೀಗೆ ನಲವತ್ತು. ಆಮೇಲೆ ಇಳೀತು. ಅಷ್ಟೇ.”

ಗುರುವಾರ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಂದೂ ಬಾರದ ಟ್ಯಾಕ್ಸಿಯವನು, ಹಲೀಮ್, ಕಾಲೇಜು ಹುಡುಗಿಯರು, ಇಫ್ಫತ್ ಮೇಡಂ ಎಲ್ಲ ಬಂದಿದ್ದರು. ಹೆಂಗಸರ ಕಡೆಯ ಕಟ್ಟೆಯ ಮೇಲೆ ಇನ್ಶಿರಾ ಕೆನ್ನೆ ಹಿಡಿದು ಕೂತಿದ್ದಳು. ಶೇಖ್ ಮಿತ್ವಲ್ಲಿ ತಮ್ಮ ಎತ್ತರದ ಪೀಠದ ಮೇಲೆ ಸೋಂಪಿನ ಕಷಾಯ ಹೀರುತ್ತಿದ್ದರು. ಬಸ್ಯೂನಿ ಕುರ್ಚಿಯ ಅಂಚಿನಲ್ಲಿ, ಇಸ್ತ್ರಿ ಮಾಡಿದ ಅಂಗಿಯೊಳಗೆ, ಪರೀಕ್ಷೆಗೆ ಬಂದವನಂತೆ ಕೂತಿದ್ದ.

ಫರ್ಗಲಿ ಬಂದ. ಟಿವಿಯಲ್ಲಿ ಕಾಣುವುದಕ್ಕಿಂತ ಸಣ್ಣ ಆಳು. ಜೊತೆಗೆ ಕ್ಯಾಮೆರಾದವನು, ಮೈಕು ಹಿಡಿದ ಒಬ್ಬ ಹೆಣ್ಣುಮಗಳು. ಫರ್ಗಲಿಯ ಕೈಯಲ್ಲಿ ಹಗ್ಗ ಕಟ್ಟಿದ ಹಳೆಯ ಬುಟ್ಟಿ. ಅದರ ತುಂಬ ಅವನತ್ತೆ ಮಾಡಿ ಕಳಿಸಿದ ತುಪ್ಪದ ಬಿಸ್ಕತ್ತು. ನೇರವಾಗಿ ಬಂದು ಬುಟ್ಟಿಯನ್ನು ಬಸ್ಯೂನಿಯ ತೊಡೆಯ ಮೇಲಿಟ್ಟ.

“ಇದೇ! ನಲವತ್ತೊಂದನೇದು!” ಎಂದು ಹಿಂದಿನಿಂದ ರಮ್ಸೀಸ್ ಮೇಷ್ಟ್ರು ಕೂಗಿದರು. ಯಾರೋ ಅವರನ್ನು ಎಳೆದು ಕೂರಿಸಿದರು.

“ಅಣ್ಣಾ,” ಎಂದ ಫರ್ಗಲಿ. “ಏನು ಹಿಡಿಸ್ತು ನಿಮಗೆ? ಒಂದೇ ಒಂದು ಹೇಳಿ ಸಾಕು.”

ಬಸ್ಯೂನಿ ಬುಟ್ಟಿಯನ್ನು ನೋಡಿದ, ಬಿಸ್ಕತ್ತನ್ನು ನೋಡಿದ, ಎದುರಿನ ಕೆಂಪಡರಿದ ಕಣ್ಣುಗಳನ್ನು ನೋಡಿದ. ಇನ್ಶಿರಾ ದೂರದಿಂದ ಏನೋ ಸನ್ನೆ ಮಾಡಿದಳು. ‘ಹೇಳಿ’ ಎಂದೋ ‘ಬೇಡ’ ಎಂದೋ ಅವನಿಗೆ ತಿಳಿಯಲಿಲ್ಲ.

“ತಂಪು,” ಎಂದ.

“ತಂಪಾದ ಹಾಸ್ಯ ಅಂತೀರಾ?”

“ಅಲ್ಲ ಸಾಹೇಬ್ರೆ. ಎ.ಸಿ.ಯ ತಂಪು. ನಾನು ನಿಮ್ಮ ಸಿನಿಮಾ ನೋಡಿಲ್ಲ. ನಿದ್ದೆ ಬಂದ್ಬಿಟ್ಟಿತ್ತು. ನಿದ್ದೇಲಿ ಅಂದೆ. ನನ್ನ ಕ್ಷಮಿಸ್ಬೇಕು.”

“ಎಲ್ಲೀವರೆಗೆ ನೋಡಿದ್ರಿ?” ಎಂದು ಫರ್ಗಲಿ ಮೆಲ್ಲಗೆ ಕೇಳಿದ.

“ಎರಡನೇ ಬುಟ್ಟಿ.”

“ಓ,” ಎಂದ ಫರ್ಗಲಿ. “ಮೂರನೇದರಿಂದ ಚೆನ್ನಾಗಿತ್ತು.”

ಹಾಜಿ ದಸೂಕಿ ಎದ್ದು ನಿಂತರು. ಹನ್ನೊಂದು ವರ್ಷ ಕಾದ ಗಂಟಲು ತೆರೆದುಕೊಂಡಿತು. “ಕೇಳಿದ್ರಾ ಜನಗಳೇ! ನಿದ್ದೇಲಿ ‘ಅಲ್ಲಾಹ್’ ಅನ್ನೋ ಮನುಷ್ಯ! ಹಾಗಾದ್ರೆ ಇಲ್ಲಿ, ಈ ಕುರ್ಚೀಲಿ, ಕಣ್ಣು ಮುಚ್ಕೊಂಡು ಇಪ್ಪತ್ತೆರಡು ವರ್ಷ ಮಾಡಿದ್ದೇನಪ್ಪ?”

ಬಸ್ಯೂನಿ ಬುಟ್ಟಿಯನ್ನು ನೆಲಕ್ಕಿಟ್ಟ. ಎದ್ದ. ತಂದೆಯ ಕೈ ಸವೆಸಿದ ಕುರ್ಚಿಯ ತೋಳನ್ನು ಒಮ್ಮೆ ಮುಟ್ಟಿದ.

“ಇಲ್ಲೂ ನಿದ್ದೆ ಮಾಡಿರಬಹುದು ಹಾಜಿ. ನನಗೆ ಗೊತ್ತಿಲ್ಲ. ದೇವರಿಗೆ ಗೊತ್ತು.”

“ನನಗೂ ಗೊತ್ತು,” ಎಂದರು ಪೀಠದ ಮೇಲಿಂದ ಶೇಖ್ ಮಿತ್ವಲ್ಲಿ. ಕಷಾಯದ ಲೋಟ ಕೆಳಗಿಟ್ಟು ಗಡ್ಡ ಒರೆಸಿಕೊಂಡರು. “ಮೊದಲನೇ ವರ್ಷವೇ ಗೊತ್ತಾಯ್ತು. ಅವನು ಸಣ್ಣಗೆ ಗೊರಕೆ ಹೊಡೀತಾನೆ. ಗೊರಕೆ ನಿಂತುಹೋಯ್ತು ಅಂದ್ರೆ ನಾನು ಎಲ್ಲೋ ರಾಗ ಬಿಟ್ಟಿದೀನಿ ಅಂತ. ಎಷ್ಟೋ ಸಲ ಅದನ್ನ ಕೇಳಿ ತಿದ್ಕೊಂಡಿದೀನಿ. ಎಚ್ಚರ ಇರೋರು ನೀವು ಯಾರಾದ್ರೂ ಒಂದು ದಿನ ಹೇಳಿದ್ರಾ? ಹಾಜಿ, ಹೋದ ಗುರುವಾರ ನಾನು ಅರ್ಧ ಪದ್ಯವೇ ನುಂಗಿದೆ. ನೀವು ‘ಅಲ್ಲಾಹ್’ ಅಂದ್ರಿ.”

ಅಂಗಳ ನಕ್ಕಿತು. ಫರ್ಗಲಿ ಆ ನಗುವನ್ನು ಹಸಿದವನು ಅನ್ನ ನೋಡುವಂತೆ ನೋಡಿದ.

ಆದರೂ ಕುರ್ಚಿ ಖಾಲಿ ಇತ್ತು. ದಸೂಕಿಯವರ ಕೈ ಆಗಲೇ ಅದರ ಬೆನ್ನಿನ ಮೇಲಿತ್ತು. “ಅತಿಥಿ ನಿಂತಿದಾರಲ್ಲಪ್ಪ,” ಎಂದರು ಶೇಖ್. ದಸೂಕಿಯವರು ಮೇಲಂಗಿಯ ತುದಿಯಿಂದ ಕುರ್ಚಿಯ ಧೂಳು ಒರೆಸುವುದಕ್ಕೇ ಬಂದವರಂತೆ ನಾಲ್ಕು ಸಲ ಒರೆಸಿ ಹಿಂದೆ ಸರಿದರು. ಫರ್ಗಲಿಯನ್ನು ಕೂರಿಸಲಾಯಿತು. ಬಸ್ಯೂನಿ ಅವನ ಕಾಲ ಬಳಿ ಚಾಪೆಯ ಮೇಲೆ, ಬುಟ್ಟಿಯ ಪಕ್ಕ ಕೂತ.

ಶೇಖ್ ಕಿವಿಗೆ ಕೈ ಹಚ್ಚಿ ಹಾಡತೊಡಗಿದರು.

ಹೆದರಿಕೆಯಿಂದಲೋ ಏನೋ, ಆ ದಿನ ಬಸ್ಯೂನಿಯ ಕಣ್ಣು ಮುಚ್ಚಲಿಲ್ಲ. ಶೇಖ್ ಅವರ ಕತ್ತಿನ ನರ ಉಬ್ಬುವುದನ್ನು ನೋಡಿದ. ಒಂದೊಂದು ಮಾತೂ ಹೊಸದಾಗಿ, ಹುಟ್ಟಿದ ಕೂಡಲೇ ತನ್ನ ಮೇಜಿಗೆ ಬಂದ ಕೂಸಿನಂತೆ ಬಂತು. ಇದನ್ನು ಯಾರು ಬರೆದರು, ಇಷ್ಟು ದಿನ ಇದು ಎಲ್ಲಿತ್ತು ಎಂದು ಅವನು ಬೆರಗಿನಿಂದ ಬಾಯಿ ಬಿಟ್ಟು ಕೇಳುತ್ತ ಹೋದ. ಸಾಲು ಏರಿತು, ತಿರುಗಿತು, ತುದಿ ಮುಟ್ಟಿತು. ನಿಂತಿತು.

ಎಲ್ಲರೂ ಬಸ್ಯೂನಿಯ ಕಡೆ ನೋಡಿದೆವು. ಅವನ ಕೆನ್ನೆ ಒದ್ದೆಯಾಗಿತ್ತು. ಅನ್ನಬೇಕಾದುದೇ ಅವನಿಗೆ ಮರೆತುಹೋಗಿತ್ತು. ಶೇಖ್ ಅವರ ಕೈ ಗಾಳಿಯಲ್ಲೇ ತಡೆಯಿತು. ಆ ಮೌನ ಫರ್ಗಲಿಯ ಸಿನಿಮಾದ ಮೌನದಷ್ಟೇ ದೊಡ್ಡದಾಗತೊಡಗಿತು.

ಆಗ ಮೊದಲ ಕುರ್ಚಿಯಿಂದ, ಹೊಟ್ಟೆಯಾಳದಿಂದ ಬಂತು:

“ಅಲ್ಲಾಹ್! ಮತ್ತೊಮ್ಮೆ, ಒಡೆಯಾ, ಮತ್ತೊಮ್ಮೆ!”

ಇಡೀ ಅಂಗಳ ರೂಢಿಯಂತೆ ಹಿಂದೆಯೇ ಮೊಳಗಿತು. ಎಲ್ಲರಿಗಿಂತ ಗಟ್ಟಿಯಾಗಿ ಹಾಜಿ ದಸೂಕಿ. ಶೇಖ್ ಅವರ ಮುಖ ಅರಳಿತು. ಅದೇ ಸಾಲನ್ನು ಇನ್ನೂ ಮೇಲಿನಿಂದ ಹಿಡಿದರು.

ಫರ್ಗಲಿಯ ಗಲ್ಲ ಎದೆಗೆ ಊರಿತ್ತು. ಎರಡೂ ಕೈ ಹೊಟ್ಟೆಯ ಮೇಲಿದ್ದವು. ಎಡಹುಬ್ಬು ಸಡಿಲವಾಗಿ, ತನ್ನ ಜಾಗದಲ್ಲಿ, ಬಲಹುಬ್ಬಿನ ಸಮಕ್ಕೆ ಬಂದು ನಿಂತಿತ್ತು. ಮೂಗಿನಿಂದ ಸಣ್ಣ ಸದ್ದು ತಾಳಕ್ಕೆ ಸರಿಯಾಗಿ ಬರುತ್ತಿತ್ತು.

ಮೈಕು ಹಿಡಿದ ಹೆಣ್ಣುಮಗಳು ಬಗ್ಗಿ ನೋಡಿ, ಬಸ್ಯೂನಿಯ ಕಿವಿಯಲ್ಲಿ ಪಿಸುಗುಟ್ಟಿದಳು. “ಇವರು ನಿದ್ದೆ ಮಾಡ್ತಿದಾರಲ್ವಾ?”

ಬಸ್ಯೂನಿ ಕೆನ್ನೆ ಒರೆಸಿಕೊಂಡು ತುಟಿಯ ಮೇಲೆ ಬೆರಳಿಟ್ಟ.

“ಶ್! ಕೇಳಿಸ್ಕೊಳ್ತಿದಾರೆ.”